ರತ್ನಶಾಸ್ತ್ರವೂ ಮಹಾವಜ್ರಗಳ ಗಣನೆಯೂ

ವಿಜಯನಗರದ ರಾಯರ ಕಾಲದಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿಯಿಕ್ಕಿ ಸೇರಿನಿಂದ ಅಳೆದು ಮಾರುತ್ತಿದ್ದರೆಂಬ ಮಾತು ಪಾಠಶಾಲೆಗಳಲ್ಲಿ ಇಂದಿಗೂ ಕೇಳಬರುತ್ತದೆ. ಆಧಾರವೇನೆಂದರೆ ರತ್ನಶಾಸ್ತ್ರಗಳನ್ನೂ ಪರದೇಶೀಯರ ಪ್ರವಾಸಕಥನಗಳನ್ನೂ ತೋರಿಸುವುದುಂಟು. ಒಂದು ಗಣಿಯಲ್ಲಿ ದೊಡ್ಡ ವಜ್ರಗಳು ಎಷ್ಟು ದೊರೆಯಬಹುದೆಂಬ ಪ್ರಶ್ನೆಗೆ ಈ ಪ್ರಮಾಣಗಳು ಎಷ್ಟರಮಟ್ಟಿಗೆ ಉತ್ತರವಾಗಬಲ್ಲವೆಂಬುದು ವಿಚಾರಾರ್ಹವಾಗಿದೆ.

ಮೊದಲು ಶಾಸ್ತ್ರವನ್ನು ನೋಡಬೇಕು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಎಂಟು ಬಿಳಿಸಾಸಿವೆಗಳ ತೂಕ ಒಂದು ತಂಡುಲವೆಂದೂ, 20 ತಂಡುಲದ ವಜ್ರಕ್ಕೆ 2 ಲಕ್ಷ ಬೆಲೆಯೆಂದೂ, 2 ತಂಡುಲದ ವಜ್ರಕ್ಕೆ ಅದರ ಸಾವಿರದಲ್ಲೊಂದು ಪಾಲೆಂದೂ ಹೇಳಿದ್ದಾನೆ. ತೂಕ ಹತ್ತುಮಡಿಯಾದರೆ ಬೆಲೆ ಸಾವಿರಮಡಿಯಾಯಿತು. ಆದುದರಿಂದ ಸಾವಿರ ಸಣ್ಣ ವಜ್ರಗಳಿಗೆ ದೊಡ್ಡದೊಂದು ಸಿಕ್ಕುತ್ತಿತ್ತೆಂದು ಊಹಿಸಬಹುದೆ? ಊಹಿಸಲಾಗದು. 17ನೆಯ ಶತಮಾನದಲ್ಲಿ ಗೋಲ್ಕೊಂಡದ ಗಣಿಗಳನ್ನು ಕಂಡ ಟ್ಯಾವರ್ನಿಯೇ ಎಂಬ ವರ್ತಕನು ಬೆಲೆಯನ್ನು ತೂಕದ ವರ್ಗದಿಂದ ಗುಣಿಸುತ್ತಾನೆ. ಅವನ ಲೆಕ್ಕದಲ್ಲಿ ಹತ್ತುಮಡಿ ತೂಕಕ್ಕೆ ನೂರುಮಡಿ ಬೆಲೆ ಮಾತ್ರ. ಬೆಲೆಯಿಂದಲೇ ಸಂಖ್ಯೆಯನ್ನು ಸಾಧಿಸಹೊರಟರೆ ಎರಡು ಸೂತ್ರಗಳಿಂದ ಎರಡು ಉತ್ತರಗಳು ಹುಟ್ಟುತ್ತವೆ. ಬೆಲೆಯು ಕೊಳ್ಳುವವನ ಆಸೆಯನ್ನೂ ಅನುಸರಿಸುವುದರಿಂದ ಈ ಹೇತು ವ್ಯಭಿಚಾರಿ.

ಆಕರಗಳ ಪಟ್ಟಿಯೂ ಸಂಖ್ಯೆಯನ್ನು ಹೇಳದು. ಹಿಮವಂತದ ವಜ್ರವು ಕೊಂಚ ತಾಮ್ರವರ್ಣದ್ದೆಂದು ಅದೇ ಗ್ರಂಥದಲ್ಲಿದೆ. ಹೆಸರಿನ ಸಾಮ್ಯವೇ ಸಾಕೆನ್ನುವುದಾದರೆ, ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸದಾ ಮಂಜು ಕವಿಯುವ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ವಜ್ರಾಕರವಾಗಬೇಕಾದೀತು! ಪಟ್ಟಿಯು ಬಣ್ಣವನ್ನು ಗುರುತಿಸಲು ಹುಟ್ಟಿದುದೇ ಹೊರತು ಗಣಿಯನ್ನು ಅಳೆಯಲು ಅಲ್ಲ.

ಹಾಗಾದರೆ ಗಣಿಯನ್ನು ಅಳೆಯುವುದೆಂತು? ಇಂದಿನ ಗಣಿಶಾಸ್ತ್ರಜ್ಞರು ಗೊತ್ತಾದ ಪ್ರಮಾಣದ ಕಲ್ಲುಮಣ್ಣನ್ನು ಶೋಧಿಸಿ, ದೊರೆತ ವಜ್ರಗಳನ್ನು ತೂಕಕ್ಕೆ ತಕ್ಕಂತೆ ವರ್ಗವರ್ಗವಾಗಿ ಎಣಿಸಿ, ತೂಕ ಏರಿದಂತೆ ಸಂಖ್ಯೆ ಯಾವ ಕ್ರಮದಲ್ಲಿ ಇಳಿಯುವುದೆಂದು ನೋಡಿ, ಆ ಕ್ರಮವನ್ನು ಕಾಣದ ದೊಡ್ಡ ವಜ್ರಗಳವರೆಗೆ ಮುಂದುವರಿಸುತ್ತಾರೆ. ಇದು ಸ್ಥಾಲೀಪುಲಾಕನ್ಯಾಯದಂತೆ ತೋರಿದರೂ ಭೇದವುಂಟು. ಗಡಿಗೆಯ ಅಗುಳುಗಳೆಲ್ಲ ಸಮಾನವಾಗಿ ಬೇಯುವುದರಿಂದ ಒಂದನ್ನು ಹಿಸುಕಿದರೆ ಸಾಕು. ನೂರು ಕ್ಯಾರಟ್ಟಿನ ವಜ್ರವಾದರೋ ಪರೀಕ್ಷೆಗೆ ತೆಗೆದ ಮಣ್ಣಿನಲ್ಲಿ ಒಂದೂ ಕಾಣದೆ ಗಣಿಯಲ್ಲಿ ಹಲವು ಇರಬಹುದು. ಒಟ್ಟು ಉತ್ಪತ್ತಿಯಿಂದಲೂ ಅದು ತಿಳಿಯದು. ಲೆಸೋಥೋ ದೇಶದ ಲೆಟ್ಸೆಂಗ್ ಗಣಿಯಲ್ಲಿ ನೂರು ಟನ್ನು ಕಲ್ಲಿಗೆ ಎರಡು ಕ್ಯಾರಟ್ಟೂ ದೊರೆಯದು. ಆದರೂ 2018ರಲ್ಲಿ ಅಲ್ಲಿಯೇ 910 ಕ್ಯಾರಟ್ಟಿನ ವಜ್ರ ಸಿಕ್ಕಿತು. ಕಲ್ಲನ್ನು ಒಡೆಯುವ ಯಂತ್ರವು ವಜ್ರವನ್ನೂ ಒಡೆದರೆ ಎಣಿಕೆಯೇ ಕೆಡುತ್ತದೆ.

ಈ ಬೆಳಕಿನಲ್ಲಿ ಅಚ್ಯುತರಾಯನ ಕಾಲದ ಪೋರ್ಚುಗೀಸ್ ವರ್ತಕ ನೂನಿಜನ ಮಾತನ್ನು ಪರಿಶೀಲಿಸಬೇಕು. ರಾಜ್ಯದ ವಜ್ರದ ಗಣಿಗಳನ್ನು ಗುತ್ತಿಗೆಗೆ ಕೊಡುತ್ತಿದ್ದರೆಂದೂ, 20 ಮಂಜಲಿಗೆ, ಎಂದರೆ ಸುಮಾರು 25 ಕ್ಯಾರಟ್ಟಿಗೆ, ಮೀರಿದ ವಜ್ರಗಳೆಲ್ಲ ರಾಯರಿಗೆ ಸೇರಬೇಕೆಂಬ ಕಟ್ಟಳೆಯಿತ್ತೆಂದೂ ಅವನಿಂದ ತಿಳಿಯುತ್ತದೆ. ಅಂಥ ವಜ್ರಗಳು ಎಷ್ಟು ಬಂದುವೆಂದು ಇದರಿಂದ ತಿಳಿಯದು. ಕಟ್ಟಳೆ ಮಾಡಬೇಕಾಗುವಷ್ಟು ಪರಿಚಿತವಾಗಿದ್ದುವು, ಅರಸನು ತನಗೇ ಮೀಸಲಿಡುವಷ್ಟು ವಿರಳವಾಗಿದ್ದುವು ಎಂಬಷ್ಟು ಸಿದ್ಧ. ಬೊಕ್ಕಸವನ್ನೇ ಎಣಿಸಿದ್ದರೂ ಗುತ್ತಿಗೆದಾರನು ಬಚ್ಚಿಟ್ಟುದು, ಗಡಿ ಮೀರದಂತೆ ಒಡೆದುದು ಇದ್ದರೆ ಲೆಕ್ಕಕ್ಕೆ ಬಾರದೆ ಹೋಗುತ್ತಿತ್ತು.

ಪೇಟೆಯಲ್ಲಿ ವಜ್ರ, ಮಾಣಿಕ್ಯ, ಮುತ್ತುಗಳು ಮಾರಾಟಕ್ಕಿದ್ದುವೆಂದು ನೂನಿಜನಿಗಿಂತ ಮೊದಲು ಬಂದ ಪಾಯಸನು ಹೇಳಿರುವುದರಿಂದ ವ್ಯಾಪಾರವು ನಿಜ. ಆದರೆ ಕಟ್ಟಳೆಯನ್ನು ನಂಬುವವರು ಮಹಾವಜ್ರಗಳ ರಾಶಿಯನ್ನು ಬೀದಿಯಲ್ಲಿ ಕಾಣುವಂತಿಲ್ಲ. ಅವು ಅಂಗಡಿಗೆ ಬಾರದಿರಲೆಂದೇ ಕಟ್ಟಳೆ ಹುಟ್ಟಿತು. ವಿದ್ಯಾರ್ಥಿಗಳಿಗೆ ರಾಯರ ವೈಭವವನ್ನು ಹೇಳುವಾಗ ಸೇರಿನ ಮಾತನ್ನು ಲೋಕೋಕ್ತಿಯೆಂದೂ ಕಟ್ಟಳೆಯನ್ನು ಪ್ರಮಾಣವೆಂದೂ ಬೇರ್ಪಡಿಸಿ ಹೇಳುವುದು ಉಚಿತ.