ಕೈಯಾರೆ ಕಟ್ಟಿದ ಪುಟಗಳು

ವಿಮರ್ಶೆಯಿಂದ ಬರೆಯುವವರಿಗೆ ಉಪಕಾರವಾಗುತ್ತದೆಂದು ನಾವು ತರಗತಿಗಳಲ್ಲಿ ಹೇಳುವುದುಂಟು. ಅಪಕಾರವೂ ಆದೀತೆಂಬುದಕ್ಕೆ ನನ್ನದೇ ಒಂದು ನಿದರ್ಶನವಿದೆ. ಅದನ್ನು ಒಪ್ಪಿಕೊಂಡು ಮುಂದುವರಿಯುವುದೇ ಸರಿಯೆಂದು ತೋರುತ್ತದೆ.

೨೦೦೧ರ ಸುಮಾರಿನ ಮಾತು. ನಾನು ಎಂ.ಎ. ಓದುತ್ತಿದ್ದೆ. ಸಹಪಾಠಿಯೊಬ್ಬ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು, ಅಂತರಜಾಲದಲ್ಲಿ ತನ್ನದೇ ಒಂದು ಪುಟವನ್ನು ಕಟ್ಟಿದ್ದ. ಕಪ್ಪು ಆಕಾಶ, ಅದರ ತುಂಬ ನಕ್ಷತ್ರ, ಹಳದಿ ಅಕ್ಷರ, ಸುತ್ತಲೂ ಮಿನುಗುವ ದೀಪ. ನಡುವೆ ಅವನ ಊರಿನ ಕೆರೆಗೆ ಬರುವ ಹಕ್ಕಿಗಳ ಪಟ್ಟಿ: ಯಾವುದು ಯಾವ ತಿಂಗಳು ಬಂತು, ಯಾವಾಗ ಹೊರಟಿತು. ಕನ್ನಡ ಲಿಪಿ ಮೂಡಿಸುವ ಸೌಕರ್ಯ ಆ ಅಂಗಡಿಯಲ್ಲಿ ಇರಲಿಲ್ಲವಾಗಿ, ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ನನ್ನ ಅಭಿಪ್ರಾಯ ಕೇಳಿದ. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಆಗತಾನೆ ಪಾಠ ಹೇಳಿಸಿಕೊಂಡಿದ್ದ ನಾನು, "ಇದೇನಯ್ಯಾ, ಜಾತ್ರೆಯ ಮಿಠಾಯಿ ಅಂಗಡಿ ಇದ್ದ ಹಾಗಿದೆ!" ಎಂದು ನಕ್ಕೆ. ಅವನೂ ನಕ್ಕ. ಮರುವಾರ ಹುಡುಕಿದರೆ ಪುಟವಿರಲಿಲ್ಲ. ಅವನೇ ಅಳಿಸಿಬಿಟ್ಟಿದ್ದ.

ಈ ಪ್ರಸಂಗ ಮತ್ತೆ ನೆನಪಾದದ್ದು ಓಲಿಯಾ ಲಿಯಾಲಿನಾ ಅವರ ಪ್ರಬಂಧವೊಂದನ್ನು ಓದಿದಾಗ. ಮಾಸ್ಕೋದಲ್ಲಿ ಹುಟ್ಟಿ, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಅಧ್ಯಾಪನಕ್ಕೆ ತೊಡಗಿದ ಈ ಕಲಾವಿದೆ, ತೊಂಬತ್ತರ ದಶಕದ ಹವ್ಯಾಸಿಗಳು ಕಟ್ಟಿದ ಪುಟಗಳನ್ನು ಕುರಿತು ೨೦೦೫ರಲ್ಲಿ ಅದನ್ನು ಬರೆದರು. ಆ ಪುಟಗಳ ಜಾಲಕ್ಕೆ ಅವರು ಕೊಟ್ಟ ವಿಶೇಷಣಕ್ಕೆ ಕನ್ನಡದಲ್ಲಿ 'ದೇಸಿ' ಎನ್ನುವುದಕ್ಕಿಂತ ಒಪ್ಪುವ ಮಾತು ನನಗೆ ಹೊಳೆಯದು. ನಕ್ಷತ್ರದ ಹಿನ್ನೆಲೆ, ತಾನೇ ತಾನಾಗಿ ಮೊಳಗುವ ಸಂಗೀತ, 'ನನ್ನ ಪುಟಕ್ಕೆ ಸುಸ್ವಾಗತ' ಎಂಬ ಉಪಚಾರ, ಹೀಗೆ ನಾನು ನಕ್ಕಿದ್ದ ಒಂದೊಂದನ್ನೂ ಅವರು ಗಂಭೀರವಾಗಿ ಎತ್ತಿಕೊಂಡು ವಿವೇಚಿಸುತ್ತಾರೆ. 'ಕಾಮಗಾರಿ ನಡೆಯುತ್ತಿದೆ' ಎಂಬ ಫಲಕ ಆ ಪುಟಗಳಲ್ಲಿ ಸರ್ವೇಸಾಮಾನ್ಯ. ನನಗೆ ಅದು ಹಿಂದೆ ಸೋಮಾರಿತನದ ಗುರುತಾಗಿ ಕಂಡಿತ್ತು. ಈಗ ನೋಡಿದರೆ, ಮನೆ ಇನ್ನೂ ಬೆಳೆಯುತ್ತಿದೆ, ಮತ್ತೊಮ್ಮೆ ಬನ್ನಿ ಎಂದು ಮನೆಯಾತ ಬಾಗಿಲಲ್ಲಿ ನಿಂತು ಹೇಳುವ ಮಾತಿನಂತೆ ಕೇಳುತ್ತದೆ.

ಇಂಥ ಮನೆಗಳಿಂದಲೇ ಆದ ಒಂದು ಊರಿತ್ತು: ಜಿಯೋಸಿಟೀಸ್. ೧೯೯೪ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ತಾಣದಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಪುಟ ಕಟ್ಟಿಕೊಳ್ಳಬಹುದಾಯಿತು. ಅಲ್ಲಿ ಕೇರಿಗಳೂ ಇದ್ದವು: ವಿದ್ಯೆ ಸಾಹಿತ್ಯಗಳಿಗೆ 'ಅಥೆನ್ಸ್', ಸಂಸಾರ ಮತ್ತು ಸಾಕುಪ್ರಾಣಿಗಳಿಗೆ 'ಹಾರ್ಟ್‌ಲ್ಯಾಂಡ್', ವಿಜ್ಞಾನಕಥೆಗಳ ಅಭಿಮಾನಿಗಳಿಗೆ 'ಏರಿಯಾ ೫೧'. ೧೯೯೯ರಲ್ಲಿ ಯಾಹೂ ಸಂಸ್ಥೆ ಇದನ್ನು ಕೊಂಡುಕೊಂಡಿತು. ೨೦೦೯ರ ಅಕ್ಟೋಬರಿನಲ್ಲಿ, ಜಪಾನಿನ ಶಾಖೆಯೊಂದನ್ನುಳಿದು, ಇಡೀ ಊರನ್ನೇ ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಬಳಗ ಅದಕ್ಕೆ ಮೊದಲೇ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟಿತು. ಆ ಉಳಿಕೆಯನ್ನೇ ಲಿಯಾಲಿನಾ ಮತ್ತು ಡ್ರಾಗನ್ ಎಸ್ಪೆನ್‌ಶೀಡ್ ಅವರು ಒಂದೊಂದು ಪುಟವಾಗಿ ತೆರೆದು ತೋರಿಸುತ್ತ ಬಂದರು. ಗ್ರಂಥಭಂಡಾರವೊಂದು ಸುಟ್ಟುಹೋದರೆ ಲೋಕ ಮರುಗುತ್ತದೆ. ಈ ನಾಶಕ್ಕೆ ಮರುಗಿದವರು ಕೆಲವರೇ. ಬಲ್ಲವರೆನಿಸಿಕೊಂಡವರು ಆ ಪುಟಗಳನ್ನು ಮೊದಲೇ ಕುರೂಪವೆಂದು ತೀರ್ಮಾನಿಸಿದ್ದುದು ಇದಕ್ಕೆ ಒಂದು ಕಾರಣವೆಂದು ನನ್ನ ಅಭಿಪ್ರಾಯ. ನಾನು ಸಹಪಾಠಿಗೆ ಮಾಡಿದ್ದೂ ಅದನ್ನೇ ಅಲ್ಲವೆ?

ಹಾಗೆಂದು ಕೈಯಿಂದ ಮಾಡಿದ್ದೆಲ್ಲ ಕಲೆಯಾಗಿಬಿಡುವುದಿಲ್ಲ. ಅವುಗಳಲ್ಲಿ ಎಷ್ಟೋ ಪುಟಗಳು ಸುಸ್ವಾಗತದಿಂದಾಚೆಗೆ ಹೋಗಲೇ ಇಲ್ಲ. ೨೦೧೩ರಲ್ಲಿ ಆರಂಭವಾದ ನಿಯೋಸಿಟೀಸ್ ಎಂಬ ತಾಣದಲ್ಲಿ ಹೊಸ ತಲೆಮಾರಿನವರು ಮತ್ತೆ ಕೈಯಾರೆ ಪುಟ ಕಟ್ಟುತ್ತಿದ್ದಾರೆ. ನೋಡಿ ಸಂತೋಷವಾಯಿತು. ಆದರೆ ಅಲ್ಲಿಯೂ ಹಳೆಯ ದೀಪ, ಹಳೆಯ ನಕ್ಷತ್ರಗಳನ್ನು ತಂದು ಜೋಡಿಸಿದ್ದಷ್ಟಕ್ಕೇ ಕೈ ತೊಳೆದುಕೊಂಡವರು ಕಾಣಸಿಗುತ್ತಾರೆ. ಅನುಕರಣೆಗೆ ಒಳಗಾದ ದೇಸಿಯೂ ಇನ್ನೊಂದು ಬಗೆಯ ಜಡ ಮಾರ್ಗವೇ ಸರಿ.

ಗುಣವನ್ನು ಅಳೆಯುವುದು ಹೇಗೆ? ದೇಸಿಯನ್ನು ಹೊಕ್ಕು ಮಾರ್ಗದೊಡನೆ ಬೆರೆಯಬೇಕೆಂಬ ಪಂಪನ ವಿವೇಕ ಇಲ್ಲಿಯೂ ದಾರಿ ತೋರೀತು. ಲಿಯಾಲಿನಾ ಅವರೇ ೧೯೯೬ರಲ್ಲಿ ರಚಿಸಿದ ಕೃತಿಯೊಂದನ್ನು ನೋಡಿ. ಪ್ರಿಯಕರ ಯುದ್ಧದಿಂದ ಮರಳಿದ್ದಾನೆ. ಇಬ್ಬರಿಗೂ ಮಾತು ಕೂಡದು. ನಾವು ಮಾತುಗಳನ್ನು ಒತ್ತಿದಂತೆಲ್ಲ ಪರದೆ ಒಡೆದು ಕಿಟಕಿಗಳು ಚಿಕ್ಕಚಿಕ್ಕವಾಗುತ್ತ ಹೋಗುತ್ತವೆ. ಕೊನೆಗೆ ಒಂದೊಂದೂ ಕಪ್ಪಾಗಿ ಉಳಿಯುತ್ತದೆ. ಪರದೆಯನ್ನು ಹೀಗೆ ಚೌಕಗಳಾಗಿ ಸೀಳುವುದು ಅಂದಿನ ಹವ್ಯಾಸಿಗಳೆಲ್ಲರ ಕೈಗೆ ಎಟುಕಿದ್ದ ಉಪಾಯ. ಇಲ್ಲಿ ಅದೇ ಉಪಾಯ ಎರಡು ಜೀವಗಳ ನಡುವಿನ ಬಿರುಕಾಗಿದೆ. ರೂಪ ವಸ್ತುವಿನಿಂದಲೇ ಹುಟ್ಟಿದೆ.

ಎಲ್ಲರೂ ಈ ಎತ್ತರಕ್ಕೆ ಏರಲಾರರು, ಏರಬೇಕಾದ್ದೂ ಇಲ್ಲ. ಸಾಮಾನ್ಯ ಪುಟಕ್ಕೆ ಸಾಮಾನ್ಯವಾದ ಪರೀಕ್ಷೆ ಸಾಕು: ದೀಪ, ನಕ್ಷತ್ರಗಳನ್ನೆಲ್ಲ ಆರಿಸಿದ ಮೇಲೂ ಅಲ್ಲಿ ಏನಾದರೂ ಉಳಿಯುವುದೆ? ಒಬ್ಬ ಮನುಷ್ಯ ಯಾವುದನ್ನಾದರೂ ಪ್ರೀತಿಯಿಂದ, ಬಹುಕಾಲ, ಯಾರೂ ಕೇಳದಿದ್ದರೂ ಗಮನಿಸಿದ್ದಾನೆಯೆ? ಇಂದು ಬಹುಮಂದಿ ಬರೆಯುವುದು ದೊಡ್ಡ ಸಂಸ್ಥೆಗಳು ಕೊಟ್ಟ ಒಂದೇ ಅಳತೆಯ ಚೌಕಟ್ಟಿನಲ್ಲಿ. ಅಲ್ಲಿ ಕುರೂಪಕ್ಕೆ ಎಡೆ ಕಡಿಮೆ. ಬರೆದವನ ಕೈಯ ಗುರುತಿಗೂ ಎಡೆ ಕಡಿಮೆ.

ಸಹಪಾಠಿಯ ಪುಟ ಈ ಪರೀಕ್ಷೆಯಲ್ಲಿ ಗೆಲ್ಲುತ್ತಿತ್ತೆಂದು ಈಗ ಅನ್ನಿಸುತ್ತದೆ. ದೀಪಗಳನ್ನು ಬಿಟ್ಟು ಹಕ್ಕಿಗಳ ವಿಷಯ ಒಂದು ಪ್ರಶ್ನೆ ಕೇಳಿದ್ದರೆ ಅದು ಉಳಿಯುತ್ತಿತ್ತೋ ಏನೋ. ಆ ಪಟ್ಟಿಯಲ್ಲಿದ್ದ ಒಂದು ಹೆಸರನ್ನಾದರೂ ನೆನಪಿಗೆ ತಂದುಕೊಳ್ಳಲು ಯತ್ನಿಸಿದೆ. ಆಗಲಿಲ್ಲ. ಮಿನುಗುತ್ತಿದ್ದ ದೀಪಗಳು ಮಾತ್ರ ನೆನಪಿವೆ.