ಖಾಲಿ ಉಳಿದ ಪುಟಗಳು

ಫೋಟೊ ಕಳಿಸಿ ಮೂರು ನಿಮಿಷವಾಗಿರಲಿಲ್ಲ, ಸೋದರಳಿಯ ಫೋನ್ ಮಾಡಿದ. "ಮಾವ, ನೋಡಿದ್ರಾ? ಆರ್‌ಎಸ್!"

ಕಾಫಿ ಒಣಗಿಸುವ ಕಣದ ನಡುವೆ ಕಪ್ಪು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಿಂತಿತ್ತು. 2007ರ ಗಾಡಿ, ಮೀಟರಿನಲ್ಲಿ 2,04,000 ಕಿ.ಮೀ. ಎಂಜಿನ್ ರೀಮ್ಯಾಪ್ ಆಗಿದೆ, ಎಕ್ಸಾಸ್ಟ್ ಬದಲಾಗಿದೆ, ಸಸ್ಪೆನ್ಷನ್ ಇಳಿಸಿದ್ದಾರೆ, ವೀಲುಗಳು ಹದಿನೇಳು ಇಂಚಿನವು. ಕೇಳುತ್ತಿರುವ ಬೆಲೆ ನಾಲ್ಕೂಕಾಲು ಲಕ್ಷ. ಚಿಕ್ಕಮಗಳೂರಿನಿಂದ ಸ್ವಲ್ಪ ಆಚೆಗಿನ ಒಂದು ತೋಟದ ಮನೆ. ಹುಡುಗ ಆಗಲೇ ಮನಸ್ಸಿನಲ್ಲಿ ಕಾರು ಓಡಿಸಿಕೊಂಡು ಬೆಂಗಳೂರು ಮುಟ್ಟಿದ್ದ. ನಾನು ಒಂದೇ ಮಾತು ಹೇಳಿದೆ: "ಶನಿವಾರ ಹೋಗೋಣ. ನಾವು ಬರೋ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ತಿಳಿಸು."

ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಬಾಗಿಲು, ಎರಡೇ ಸೀಟು ಇರಬೇಕು ಅನ್ನುವವರು ಈ ಹೆಸರು ಕೇಳಿ ತಲೆಯಾಡಿಸಬಹುದು. ಆದರೆ 2004ರಲ್ಲಿ ಆರ್‌ಎಸ್ ನಮ್ಮಲ್ಲಿಗೆ ಬಂದ ದಿನಗಳನ್ನು ಕಂಡವರಿಗೆ ಅದು ಏನಾಗಿತ್ತು ಎಂಬುದು ಗೊತ್ತು. ಟರ್ಬೊ ಎಂದರೆ ಡೀಸೆಲ್ ಗಾಡಿಯ ಸಂಗತಿ ಎಂದುಕೊಂಡಿದ್ದ ಕಾಲ. ಆಗ 1,781 ಸಿಸಿಯ, ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವಿನ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ 150 ಅಶ್ವಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರು. ಮನೆ ಮಂದಿಯೆಲ್ಲ ಕೂತು, ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್ ಹಾಕಿಕೊಂಡು ಹೋಗುತ್ತಲೇ ಹೆದ್ದಾರಿಯಲ್ಲಿ ಯಾರನ್ನಾದರೂ ಹಿಂದೆ ಹಾಕಬಲ್ಲ ಗಾಡಿ. ಯುರೋಪಿನಲ್ಲಿ ಇದೇ ಆರ್‌ಎಸ್‌ಗೆ 180 ಅಶ್ವಶಕ್ತಿ ಇತ್ತು. ಇದೇ ಮನೆತನದ ಎಂಜಿನ್ ಆಡಿ ಟಿಟಿಯಲ್ಲಿ 225 ಅಶ್ವಶಕ್ತಿಯನ್ನೂ ಮುಟ್ಟಿತ್ತು. ಕಾರ್ಖಾನೆಯವರೇ ಕೈ ಹಿಡಿದು ನಿಲ್ಲಿಸಿದ್ದಾರೆ, ಒಳಗೆ ಇನ್ನೂ ಶಕ್ತಿ ಇದೆ ಎಂಬ ಸುದ್ದಿ ಬೆಂಗಳೂರಿನ ಗ್ಯಾರೇಜುಗಳಲ್ಲಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹಾಗಾಗಿ ಇವತ್ತು ಮಾರಾಟಕ್ಕೆ ಬರುವ ಆರ್‌ಎಸ್‌ಗಳಲ್ಲಿ ಕೈ ಹಾಕದೆ ಉಳಿದದ್ದು ಸಿಗುವುದೇ ಕಷ್ಟ.

ನಾವು ಮುಟ್ಟಿದಾಗ ಹತ್ತೂವರೆ. ಮಾಲೀಕ ಮೂವತ್ತರ ಆಸುಪಾಸಿನ ಯುವಕ. "ಬನ್ನಿ ಸರ್, ಮೊದಲು ಕಾಫಿ ಕುಡೀರಿ" ಎಂದ. ಕಾಫಿಗೆ ಮುಂಚೆ ನಾನು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಮಾತು ಉಳಿಸಿಕೊಂಡಿದ್ದ.

ಹಳೆಯ ಟರ್ಬೊ ಗಾಡಿ ತನ್ನ ಬಗ್ಗೆ ನಿಜ ಹೇಳುವುದು ದಿನದ ಮೊದಲ ಸ್ಟಾರ್ಟಿನ ಮೂವತ್ತು ಸೆಕೆಂಡಿನಲ್ಲಿ. ಬಿಸಿಯಾದ ಮೇಲೆ ಎಲ್ಲ ಸಂದುಗಳೂ ಹಿಗ್ಗಿ ಕೂತು ಸದ್ದು ಮುಚ್ಚಿಹೋಗುತ್ತದೆ. ಸೋದರಳಿಯನನ್ನು ಕೀ ತಿರುಗಿಸಲು ಕೂರಿಸಿ ನಾನು ಎಂಜಿನ್ ಪಕ್ಕ ಬಗ್ಗಿ ನಿಂತೆ. ವಾಲ್ವ್ ಲಿಫ್ಟರುಗಳು ಎರಡು ಮೂರು ಸೆಕೆಂಡು ಟಿಕ್ ಟಿಕ್ ಎಂದು, ಎಣ್ಣೆ ಮೇಲೇರಿದ ಕೂಡಲೇ ಸುಮ್ಮನಾದವು. ಎರಡು ಕ್ಯಾಮ್‌ಶಾಫ್ಟ್‌ಗಳನ್ನು ಜೋಡಿಸುವ ಪುಟ್ಟ ಚೈನಿನ ಟೆನ್ಷನರ್ ಸವೆದಿದ್ದರೆ ಗಲಗಲ ಎನ್ನುತ್ತದೆ. ಆ ಸದ್ದು ಇರಲಿಲ್ಲ. ಹಿಂದೆ ಹೋಗಿ ನೋಡಿದರೆ ನೀಲಿ ಹೊಗೆಯೂ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿಸಿದೆ. ಟರ್ಬೊದ ಸೀಲು ಸೋರುತ್ತಿದ್ದರೆ ಆಗ ಭುಗ್ಗನೆ ಹೊಗೆ ಬರುತ್ತದೆ. ಬರಲಿಲ್ಲ.

ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿದೆವು. ನಾಲ್ಕು ಸಿಲಿಂಡರುಗಳೂ ಹನ್ನೊಂದು ಬಾರ್‌ನ ಆಚೀಚೆ, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಬಾರ್ ಕೂಡ ವ್ಯತ್ಯಾಸವಿಲ್ಲ. ಈ ಎಂಜಿನ್ನಿನಲ್ಲಿ ಆ ವ್ಯತ್ಯಾಸ 3 ಬಾರ್ ದಾಟಿದರೆ ಮುಂದಿನ ಮಾತೇ ಬೇಡ. ಎರಡು ಲಕ್ಷ ದಾಟಿದ ಎಂಜಿನ್ನಿಗೆ ಇದು ನನಗೆ ಸಂತೋಷ ಕೊಟ್ಟ ಲೆಕ್ಕ. ಸೋದರಳಿಯನ ಮುಖ ಅರಳಿತು. ನಾನು ಗ್ಲೋವ್ ಬಾಕ್ಸ್ ತೆಗೆದೆ.

ಒಳಗೆ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ಇತ್ತು.

ಮೊದಲ ಮಾಲೀಕರು ವೈದ್ಯರಂತೆ. ವಾರಕ್ಕೊಮ್ಮೆಯಾದರೂ ಮಂಗಳೂರಿಗೋ ಬೆಂಗಳೂರಿಗೋ ಓಡಾಟ. ನೀಲಿ ಇಂಕಿನಲ್ಲಿ, ಗೆರೆ ಹೊಡೆದ ಕಾಲಂಗಳಲ್ಲಿ ಹನ್ನೊಂದು ವರ್ಷದ ಬರವಣಿಗೆ: ತಾರೀಖು, ಕಿ.ಮೀ., ಎಷ್ಟು ಲೀಟರ್ ಪೆಟ್ರೋಲ್, ಎಣ್ಣೆ ಯಾವ ಗ್ರೇಡು, ಯಾವ ಫಿಲ್ಟರ್. "ಎಡ ಮುಂಭಾಗ ಬುಷ್ ಸದ್ದು" ಎಂದು ಬರೆದ ಸಾಲಿನ ಕೆಳಗೆ ಎಂಟು ದಿನ ಬಿಟ್ಟು "ಬದಲಾಯಿಸಿದೆ" ಎಂಬ ಸಾಲು. ಇಗ್ನಿಷನ್ ಕಾಯಿಲ್ ನಾಲ್ಕನ್ನೂ ಒಟ್ಟಿಗೆ ಬದಲಿಸಿದ್ದು, ಕೂಲೆಂಟ್ ಹೊಸದಾಗಿ ತುಂಬಿಸಿದ್ದು, ಎಲ್ಲವೂ ಇತ್ತು. 2014ರ ಫೆಬ್ರುವರಿ, 1,02,000 ಕಿ.ಮೀ.: "ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್. ಬಿಲ್ ಲಗತ್ತಿಸಿದೆ." ಬಿಲ್ಲೂ ಪಿನ್ ಹೊಡೆದುಕೊಂಡು ಅಲ್ಲೇ ಇತ್ತು. ಇಂಥ ಪುಸ್ತಕ ಕೈಗೆ ಸಿಕ್ಕರೆ ನಾನು ನಿಂತಲ್ಲೇ ಓದುತ್ತೇನೆ. ಒಬ್ಬ ಮನುಷ್ಯ ಒಂದು ಯಂತ್ರದ ಜೊತೆ ಹೇಗೆ ಬಾಳಿದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

2018ರ ಆಗಸ್ಟ್, 1,63,000 ಕಿ.ಮೀ.ಗೆ ಬರವಣಿಗೆ ನಿಂತಿತ್ತು. ಆಮೇಲೆ ಎಲ್ಲ ಖಾಲಿ ಪುಟ.

ಈ ಕಾರಿನ ಎರಡು ಲಕ್ಷ ಕಿಲೋಮೀಟರ್ ನನ್ನನ್ನು ಹೆದರಿಸಲೇ ಇಲ್ಲ. ಹೆದ್ದಾರಿಯಲ್ಲಿ, ಬಿಸಿಯಾದ ಎಂಜಿನ್ನಿನಲ್ಲಿ, ಐದನೇ ಗೇರಿನಲ್ಲಿ ಓಡಿದ ಕಿಲೋಮೀಟರುಗಳು ಎಂಜಿನ್ನನ್ನು ಅಷ್ಟು ತಿನ್ನುವುದಿಲ್ಲ. ಮನೆಯಿಂದ ಆಫೀಸಿಗೆ ಎರಡು ಕಿ.ಮೀ. ಹೋಗಿ ಬಿಸಿಯಾಗುವ ಮುಂಚೆ ನಿಲ್ಲಿಸಿಬಿಡುವ ನಲವತ್ತು ಸಾವಿರದ ಗಾಡಿಯ ಒಳಗಡೆ ಇದಕ್ಕಿಂತ ಕೆಟ್ಟಿರುತ್ತದೆ. ನನ್ನನ್ನು ಹೆದರಿಸಿದ್ದು ಕೊನೆಯ 41,000. ಮಾಡಿಫಿಕೇಷನ್ನುಗಳೆಲ್ಲ ಆದದ್ದು ಆ ಖಾಲಿ ಪುಟಗಳ ಅವಧಿಯಲ್ಲಿ. ಮಾಡಿಫೈ ಆದ ಗಾಡಿ ಕೊಳ್ಳುವಾಗ ನಾವು ಬೆಲೆ ಕೊಡುವುದು ಇನ್ನೊಬ್ಬರ ತೀರ್ಮಾನಗಳಿಗೆ. ಅವರು ಯಾವುದನ್ನು ಮೊದಲು ಮಾಡಿಸಿದರು, ಯಾವುದನ್ನು ಮುಂದಕ್ಕೆ ಹಾಕಿದರು ಎನ್ನುವುದೇ ನನಗೆ ಮುಖ್ಯ.

ಯುವಕ ಏನನ್ನೂ ಮುಚ್ಚಿಡಲಿಲ್ಲ. ಅವನ ಮೇಲೆ ನನಗೆ ಗೌರವ ಬಂತು. ಮೊದಲು ಎಕ್ಸಾಸ್ಟ್, ಆಮೇಲೆ ರೀಮ್ಯಾಪ್, ಆಮೇಲೆ ಕಾಯಿಲ್‌ಓವರ್ ಸಸ್ಪೆನ್ಷನ್, ಕೊನೆಗೆ ವೀಲು. ಬ್ರೇಕು? "ಕಂಪನಿದೇ ಇದೆ ಸರ್." ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ನೋಡಿದೆ: 2319. ಅಂದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದ ಟೈರು. ರಬ್ಬರು ಕಲ್ಲಾಗಿತ್ತು. ಗಾಡಿ ತಗ್ಗಿಸಿ ಅಲೈನ್‌ಮೆಂಟ್ ಸರಿಮಾಡಿಸದ ಕಾರಣ ಒಳ ಅಂಚು ಬೋಳಾಗಿತ್ತು. ಟೈಮಿಂಗ್ ಬೆಲ್ಟ್? ಅವನು ತಡೆದು ಹೇಳಿದ: "ಅದನ್ನ ನಾನು ಮುಟ್ಟಿಲ್ಲ. ತೊಂದರೆ ಏನೂ ಕೊಟ್ಟಿಲ್ಲ ಸರ್."

ಟೈಮಿಂಗ್ ಬೆಲ್ಟ್ ಮೊದಲೇ ತೊಂದರೆ ಕೊಟ್ಟು ಎಚ್ಚರಿಸುವುದಿಲ್ಲ. ಒಂದು ದಿನ ಹಲ್ಲು ಕಿತ್ತುಕೊಳ್ಳುತ್ತದೆ, ಮರುಕ್ಷಣ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಬಡಿಯುತ್ತದೆ. ಈ ಎಂಜಿನ್ನಿನಲ್ಲಿ ಇಪ್ಪತ್ತು ವಾಲ್ವುಗಳಿವೆ ಎಂಬುದನ್ನು ನೆನಪಿಡಿ. ಒಂದು ಲಕ್ಷ ಕಿ.ಮೀ. ಇಲ್ಲವೇ ಐದಾರು ವರ್ಷ, ಯಾವುದು ಮೊದಲೋ ಆಗ ಬದಲಿಸುವುದು ನನ್ನ ನಿಯಮ. ಈ ಬೆಲ್ಟ್ ಕಿ.ಮೀ. ಲೆಕ್ಕದಲ್ಲಿ ಅಂಚು ದಾಟಿತ್ತು, ವರ್ಷದ ಲೆಕ್ಕದಲ್ಲಿ ಎಂದೋ ಮುಗಿದಿತ್ತು. ಅದೇ ಬೆಲ್ಟಿನ ಮೇಲೆ ರೀಮ್ಯಾಪ್ ಮಾಡಿ ಓಡಿಸಿದ್ದರು.

ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಯುವುದು: ಟರ್ಬೊ ಎಷ್ಟು ಗಾಳಿ ಒತ್ತಬೇಕು, ಕಿಡಿ ಯಾವಾಗ ಹಾರಬೇಕು, ಪೆಟ್ರೋಲ್ ಎಷ್ಟು ಚಿಮ್ಮಬೇಕು. ಕಾರ್ಖಾನೆ ಸುಮಾರು ಅರ್ಧ ಬಾರ್ ಒತ್ತಡಕ್ಕೆ ನಿಲ್ಲಿಸಿದ್ದನ್ನು ಒಂದು ಬಾರ್‌ವರೆಗೆ ಏರಿಸುತ್ತಾರೆ. 150 ಇದ್ದದ್ದು 180ರ ಸುತ್ತಮುತ್ತ ಹೋಗುತ್ತದೆ. ಒಳ್ಳೆಯ ಕೈ ಬರೆದ ಮ್ಯಾಪ್‌ನಲ್ಲಿ ಈ ಎಂಜಿನ್ ಲಕ್ಷಗಟ್ಟಲೆ ಕಿ.ಮೀ. ಓಡಬಲ್ಲದು. ಆದರೆ ಆ ಮ್ಯಾಪ್ ಯಾವ ಪೆಟ್ರೋಲಿಗೆ ಬರೆದದ್ದು? 97 ಆಕ್ಟೇನ್‌ಗೆ ಬರೆದ ಲೆಕ್ಕದ ಮೇಲೆ 91 ಆಕ್ಟೇನ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತಿಸಿದರೆ ಕಿಡಿ ಹಾರಿದ ಮೇಲೆ ಜ್ವಾಲೆ ತಲುಪುವ ಮುಂಚೆಯೇ ಉಳಿದ ಪೆಟ್ರೋಲ್ ತಾನಾಗಿ ಸಿಡಿದು ಪಿಸ್ಟನ್ನಿಗೆ ಸುತ್ತಿಗೆ ಏಟು ಬೀಳುತ್ತದೆ. ನಾಕ್ ಸೆನ್ಸರ್ ಎಷ್ಟು ಸಾಧ್ಯವೋ ಅಷ್ಟು ಕಾಪಾಡುತ್ತದೆ. ಹಾಗಾಗಿ ಮ್ಯಾಪ್ ಬರೆದವರು ಯಾರು, ಯಾವ ಆಕ್ಟೇನ್‌ಗೆ, ಹಳೆಯ ಫೈಲ್ ಇದೆಯೇ ಎಂದು ನಾನು ಯಾವಾಗಲೂ ಕೇಳುತ್ತೇನೆ. ಇಲ್ಲಿ ಒಂದಕ್ಕೂ ಉತ್ತರ ಸಿಗಲಿಲ್ಲ. ಸ್ಕ್ಯಾನರ್ ಹಾಕಿದಾಗ ಮಿಸ್‌ಫೈರಿನ ಹಳೆಯ ಕೋಡ್ ಒಂದು ಬಿಟ್ಟರೆ ಬೇರೇನೂ ಇರಲಿಲ್ಲ ಎಂಬುದಷ್ಟೇ ಸಮಾಧಾನ.

ಬೇಲೂರು ರಸ್ತೆಯಲ್ಲಿ ಓಡಿಸಿದೆವು. ಬೆಲ್ಟಿನ ಭಯದಿಂದ ಹತ್ತು ಕಿಲೋಮೀಟರಿಗಿಂತ ಮುಂದೆ ಹೋಗಲಿಲ್ಲ, ಎಂಜಿನ್ನನ್ನು ಹೆಚ್ಚು ಎಳೆಯಲೂ ಇಲ್ಲ. ಆದರೂ ಮೂರನೇ ಗೇರಿನಲ್ಲಿ 2,200 ಆರ್‌ಪಿಎಂ ದಾಟುತ್ತಿದ್ದಂತೆ ಬೆನ್ನಿಗೆ ಸೀಟು ಒತ್ತಿಕೊಂಡ ಪರಿ, ಹಳೆಯ ಗೆಳೆಯ ಹೆಗಲ ಮೇಲೆ ಕೈ ಹಾಕಿದ ಹಾಗಿತ್ತು. ಇಂದಿನ ಗಾಡಿಗಳು ಇದಕ್ಕಿಂತ ವೇಗವಾಗಿವೆ, ನಿಜ. ಆದರೆ ಹೈಡ್ರಾಲಿಕ್ ಸ್ಟಿಯರಿಂಗಿನಲ್ಲಿ ರಸ್ತೆಯ ಒಂದೊಂದು ತೇಪೆಯೂ ಅಂಗೈಗೆ ತಿಳಿಯುವ ಸುಖ ಅವುಗಳಲ್ಲಿ ನನಗೆ ಸಿಕ್ಕಿಲ್ಲ. ನಾಲ್ಕನೇ ಗೇರಿಗೆ ಹಾಕಿ ಒಂದೇ ಒಂದು ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ತಟ್ಟನೆ ಮೇಲೆ ಹಾರಿತು, ವೇಗ ಮಾತ್ರ ಏರಲಿಲ್ಲ. ಹೆಚ್ಚಿದ ಟಾರ್ಕಿಗೆ ಕ್ಲಚ್ ಜಾರುತ್ತಿತ್ತು. ಸೋದರಳಿಯ ನನ್ನ ಮುಖ ನೋಡಿದ. "ಬರ್ಕೋ" ಎಂದೆ. ಅವನು ಫೋನಿನಲ್ಲಿ ಬರೆದುಕೊಂಡ.

ಕಾಗದಪತ್ರದ ಕಡೆಯಲ್ಲಿ ಎರಡು ವಿಷಯ. ಆರ್‌ಸಿಯ ಹದಿನೈದು ವರ್ಷ 2022ರಲ್ಲಿ ಮುಗಿದು ಐದು ವರ್ಷಕ್ಕೆ ನವೀಕರಣವಾಗಿದೆ. ಮುಂದಿನ ಸರದಿ 2027ಕ್ಕೆ. ಅಷ್ಟರಲ್ಲಿ ಗಾಡಿಗೆ ಇಪ್ಪತ್ತು ತುಂಬಿರುತ್ತದೆ, ಅಂಥ ಕಾರುಗಳ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಶುಲ್ಕ ದೊಡ್ಡದಲ್ಲ, ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವುದು ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅಪಘಾತವಾದರೆ ವಿಮೆಯವರು ಹಿಡಿಯುವ ಎಳೆಯೂ ಇದೇ. ಆದ್ದರಿಂದ ಮಾಡಿಫೈ ಆದ ಗಾಡಿಯ ಮಾಲೀಕರಿಗೆ ನಾನು ಕೇಳುವ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು: "ಬಿಚ್ಚಿದ ಸಾಮಾನು ಎಲ್ಲಿದೆ?"

ಗುಜರಿಗೆ ಹಾಕಿದೆ ಎಂದಿದ್ದರೆ ನಾನು ಅಲ್ಲಿಂದ ಎದ್ದುಬಿಡುತ್ತಿದ್ದೆ. ಯುವಕ ಏಣಿ ತಂದು ಅಟ್ಟಕ್ಕೆ ಹತ್ತಿದ. ಗೋಣಿಚೀಲದಲ್ಲಿ ಸುತ್ತಿಟ್ಟ ಮೂಲ ಸ್ಪ್ರಿಂಗುಗಳು, ಶಾಕ್ ಅಬ್ಸಾರ್ಬರುಗಳು, ಸೈಲೆನ್ಸರ್, ನಾಲ್ಕು ಅಲಾಯ್ ವೀಲುಗಳು ಒಂದೊಂದಾಗಿ ಇಳಿದವು. ಕಾಫಿ ಬೀಜದ ವಾಸನೆ ಹತ್ತಿಕೊಂಡಿತ್ತು, ತುಕ್ಕು ಹತ್ತಿರಲಿಲ್ಲ. ನನ್ನ ಮನಸ್ಸು ಒಂದು ಕಡೆಗೆ ವಾಲಿದ್ದು ಆ ಕ್ಷಣದಲ್ಲೇ.

ಬೆಲ್ಟ್, ಪಂಪ್, ಕ್ಲಚ್, ನಾಲ್ಕು ಟೈರು, ಬ್ರೇಕ್ ಪೈಪು, ಪ್ಯಾಡು, ಇಪ್ಪತ್ತು ವರ್ಷ ಹತ್ತಿರವಾದ ವ್ಯಾಕ್ಯೂಮ್ ಪೈಪುಗಳು, ಮ್ಯಾಪನ್ನು ಮೂಲಕ್ಕೆ ತರುವುದು. ಜಗಲಿಯ ಮೇಲೆ ಕೂತು ಮೂವರೂ ಒಟ್ಟಿಗೆ ಲೆಕ್ಕ ಹಾಕಿದೆವು. ಒಂದೂಕಾಲು ಲಕ್ಷ ದಾಟಿತು. ಅವನು ಮಾಡಿಫಿಕೇಷನ್ನಿಗೆ ಸುರಿದ ಎರಡು ಲಕ್ಷವನ್ನು ಬೆಲೆಗೆ ಸೇರಿಸಿದ್ದ. ಅದು ವಾಪಸು ಬರುವ ಹಣವಲ್ಲ ಎಂದು ಮೆತ್ತಗೆ ಹೇಳಿದೆ. ಸ್ವಲ್ಪ ಹೊತ್ತು ಕಣದ ಕಡೆ ನೋಡುತ್ತ ಕೂತ. ಮೂರು ಲಕ್ಷ ಹತ್ತು ಸಾವಿರಕ್ಕೆ ಒಪ್ಪಿದ. ಫಾರಂ 29, 30ಕ್ಕೆ ಸಹಿಯಾಯಿತು.

ಸೋದರಳಿಯ ಕೀಗೆ ಕೈ ಚಾಚಿದಾಗ ನಾನು ಬೇಡವೆಂದೆ. ಆ ಬೆಲ್ಟಿನ ಮೇಲೆ ಬೆಂಗಳೂರಿನವರೆಗೆ ಓಡಿಸಲು ನನಗೆ ಧೈರ್ಯವಿರಲಿಲ್ಲ. ಫ್ಲಾಟ್‌ಬೆಡ್ ಲಾರಿ ಕರೆಸಿದೆವು. ತನ್ನ ಮೊದಲ ಆರ್‌ಎಸ್ಸನ್ನು ಲಾರಿಯ ಬೆನ್ನ ಮೇಲೆ ನೋಡುತ್ತ ಅವನು ನನ್ನ ಪಕ್ಕ ಮೌನವಾಗಿ ಕೂತಿದ್ದ. ಹಾಸನದಲ್ಲಿ ಟೀಗೆ ನಿಲ್ಲಿಸಿದಾಗ ಇಳಿದು ಹೋಗಿ ಕಟ್ಟಿದ ಬೆಲ್ಟುಗಳನ್ನೆಲ್ಲ ಒಮ್ಮೆ ಎಳೆದು ನೋಡಿ ಬಂದ. "ಮಾವ, ಈ ರಸ್ತೇಲಿ ಹೇಗಿರ್ತಿತ್ತು?" ಎಂದ.

ಕಳೆದ ಗುರುವಾರ ಗ್ಯಾರೇಜಿನಲ್ಲಿ ಕವರ್ ಬಿಚ್ಚಿ ಬೆಲ್ಟ್ ಹೊರತೆಗೆದರು. ಮೆಕ್ಯಾನಿಕ್ ಅದನ್ನು ಹಿಮ್ಮುಖವಾಗಿ ಬಗ್ಗಿಸಿ ತೋರಿಸಿದ. ಮೂರು ಹಲ್ಲುಗಳ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು. ಬೆಲ್ಟಿನ ಬೆನ್ನ ಮೇಲಿನ ಮುದ್ರೆ ಮಸುಕಾಗಿದ್ದರೂ ವರ್ಷ ಓದಲು ಬರುತ್ತಿತ್ತು, 2013. ಸೋದರಳಿಯ ಗ್ಲೋವ್ ಬಾಕ್ಸಿನಿಂದ ನೋಟ್‌ಬುಕ್ ತೆಗೆದು, ಖಾಲಿ ಪುಟಗಳಲ್ಲಿ ಎರಡನ್ನು ಹಾಗೇ ಬಿಟ್ಟು, ಮೂರನೆಯದರಲ್ಲಿ ಸ್ಕೇಲಿಟ್ಟು ಕಾಲಂ ಗೆರೆ ಹೊಡೆಯತೊಡಗಿದ.