ಸಿಂಕ್‌ಥಿಂಗ್‌ನ ನೇರ ನಡೆ
ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಮೂಲಭೂತ ಹಕ್ಕೆಂದು ಎತ್ತಿಹಿಡಿದ ಖಾಸಗಿತನವನ್ನು ದಿನಬಳಕೆಗೆ ಇಳಿಸುವ ಸಾಧನಗಳಲ್ಲಿ, ಯಾಕೋಬ್ ಬೋರ್ಗ್ 2013ರಲ್ಲಿ ಹೊರತಂದ ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶವು ಅತ್ಯಂತ ಸೊಗಸಾದವುಗಳಲ್ಲೊಂದು. ನಮ್ಮದೇ ಮೊಬೈಲು, ಕಂಪ್ಯೂಟರುಗಳಲ್ಲಿನ ಕಡತಗಳನ್ನು ಪರಸ್ಪರ ಹೊಂದಿಸಿಡಲು ಇದಕ್ಕೆ ಕ್ಲೌಡ್, ಅಂದರೆ ಅನ್ಯರ ಒಡೆತನದ ದೂರದ ಕಂಪ್ಯೂಟರು, ಬೇಕಿಲ್ಲ. ಮಂಡಿಕಲ್ಲಿನ ರೇಷ್ಮೆ ಬೆಳೆಗಾರರು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಮೊಬೈಲಿಗೆ ಬರೆದುಕೊಂಡ ಲೆಕ್ಕವು, ಇಂಟರ್‌ನೆಟ್ ಕೈಕೊಟ್ಟಿದ್ದರೂ, ಮನೆಯ ವೈಫೈ ಮೂಲಕವೇ ಅಲ್ಲಿನ ಕಂಪ್ಯೂಟರನ್ನು ಸೇರಬಲ್ಲದು. ಕಡತವನ್ನು ತುಂಡುಗಳಾಗಿ ವಿಭಜಿಸಿ, ಹ್ಯಾಶ್ ಎಂಬ ಗಣಿತದ ಬೆರಳಚ್ಚಿನಿಂದ ಅವುಗಳನ್ನು ಹೋಲಿಸಿ, ಬದಲಾದ ತುಂಡುಗಳನ್ನಷ್ಟೇ ಗೂಢಲಿಪಿಯಲ್ಲಿ ಸಾಗಿಸುವ ಇದರ ಮಿತವ್ಯಯ ವಿಶೇಷವಾಗಿ ಮೆಚ್ಚತಕ್ಕದ್ದು. ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುವುದರಿಂದ ಇದು ಬ್ಯಾಕಪ್‌ಗೆ ಬದಲಿಯಲ್ಲ. ಹಳೆಯ ಪ್ರತಿಗಳನ್ನು ಉಳಿಸುವ ಆಯ್ಕೆಯನ್ನು ಬಳಕೆದಾರರೇ ಚಾಲನೆಗೊಳಿಸಬೇಕು.